ಕಾಲು ಏಳದ ಗಳಿಗೆ: ಜಿಮ್ನಾಸ್ಟಿಕ್ಸ್‌ನ ಹೆದರಿಕೆ ಮತ್ತು ಬ್ಲಾಕ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿ ಮುಗಿದು ಮ್ಯಾಟ್ ಎತ್ತಿಡುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಮಾತು ತೆಗೆಯುತ್ತಾರೆ. ಹೆಚ್ಚಿನ ಸಲ ಅದು ಹೆದರಿಕೆಯ ಮಾತೇ. ಹದಿನಾಲ್ಕನೇ ವಯಸ್ಸಿನಲ್ಲಿ ಬೀಮ್ (ಕಿರಿದಾದ ಉದ್ದನೆಯ ತೊಲೆ) ಮೇಲಿನ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ನೆಗೆದು, ಕೈ ಊರಿ, ಮತ್ತೆ ಕಾಲ ಮೇಲೆ ಇಳಿಯುವುದು) ಕಳೆದುಕೊಂಡು ಏಳು ತಿಂಗಳು ಒದ್ದಾಡಿದವಳು ನಾನು. ಈಗ ಕಲಿಸುತ್ತೇನೆ. ಮಕ್ಕಳು, ಅವರ ತಂದೆತಾಯಿ, ಜೊತೆಯ ಕೋಚ್‌ಗಳು ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಉಳಿದವರೆಲ್ಲ ಆರಾಮಾಗಿ ಮಾಡ್ತಾರೆ, ನನಗೊಬ್ಬಳಿಗೇ ಹೆದರಿಕೆ. ನಾನು ಪುಕ್ಕಲಾ?

ಖಂಡಿತ ಅಲ್ಲ. ಬೀಮ್ ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಅದರ ಅಗಲ ಬರೀ 10 ಸೆಂಟಿಮೀಟರ್. ಅದರ ಮೇಲೆ ತಲೆಕೆಳಗಾಗು ಎಂದರೆ ಮೈ ತಕರಾರು ಮಾಡುವುದು ಸಹಜ. ಒಂದಿಷ್ಟೂ ಹೆದರದ ಮಗು ಕಂಡರೆ ನಾನು ಅದರ ಮೇಲೆ ಇನ್ನೂ ಹೆಚ್ಚು ಕಣ್ಣಿಡುತ್ತೇನೆ, ಏಕೆಂದರೆ ಅದಕ್ಕೆ ಅಪಾಯದ ಅಂದಾಜು ಸಿಕ್ಕಿರುವುದಿಲ್ಲ.

ಬೇರೆಯವರಿಗೆ ಹೆದರಿಕೆ ಇಲ್ಲ ಅನ್ನಿಸುವುದು ಅದು ಕಣ್ಣಿಗೆ ಕಾಣದಿರುವುದರಿಂದ. ಗಮನವಿಟ್ಟು ನೋಡಿ. ಒಬ್ಬಳು ಮೂರನೇ ಸಲ ಕೈ ಜಾರದಂತೆ ಚಾಕ್ ಪುಡಿ ಹಚ್ಚಿಕೊಳ್ಳುತ್ತಿರುತ್ತಾಳೆ. ಒಬ್ಬನಿಗೆ ತನ್ನ ಸರದಿ ಬಂದಾಗಲೇ ಬಾಯಾರಿಕೆ. ಇನ್ನೊಬ್ಬಳು "ನೀನು ಹೋಗು, ನೀನು ಹೋಗು" ಎನ್ನುತ್ತಾ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಾಳೆ. ಹೆದರಿಕೆ ಎಲ್ಲರಿಗೂ ಇದೆ, ಅದನ್ನು ಬಚ್ಚಿಡುವ ಬಗೆ ಮಾತ್ರ ಬೇರೆ ಬೇರೆ.

ಮುಂದಕ್ಕೆ ಲಾಗ ಹಾಕೋಕೆ ಏನೂ ಅನ್ಸಲ್ಲ. ಹಿಂದಕ್ಕೆ ಅಂದ್ರೆ ಯಾಕೆ ಜೀವ ಬಾಯಿಗೆ ಬರುತ್ತೆ?

ಹೋಗುವ ದಿಕ್ಕು ಕಾಣುವುದಿಲ್ಲ, ಅದಕ್ಕೆ. ನಾವು ಹುಟ್ಟಿದಾಗಿನಿಂದ ಕಣ್ಣು ಹೋದ ಕಡೆಗೆ ಕಾಲು ಹಾಕಿದವರು. ಹಿಂದಕ್ಕೆ ಬೀಳುವಾಗ ಕೈ ಚಾಚಿ ತಡೆಯುವುದೂ ಕಷ್ಟ.

ಆದರೆ ಕಲಿತವರನ್ನು ಕೇಳಿ, ಇಳಿಯುವ ವಿಷಯದಲ್ಲಿ ಲೆಕ್ಕ ತಿರುಗುಮುರುಗು ಎಂದು ಹೇಳುತ್ತಾರೆ. ಹಿಂದಕ್ಕೆ ಲಾಗ ಹಾಕಿದಾಗ ಕಾಲು ಊರುವ ಮೊದಲೇ ನೆಲ ಕಣ್ಣಿಗೆ ಬೀಳುತ್ತದೆ. ಮುಂದಕ್ಕೆ ಹಾಕಿದಾಗಲೇ ಇಳಿಯುವ ಜಾಗ ಸರಿಯಾಗಿ ಕಾಣುವುದಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ಮಾಡಿದ ಪ್ರೊಡುನೋವಾ ವಾಲ್ಟ್ (ಓಡಿ ಬಂದು ಮೇಜಿನಂಥ ಸಾಧನಕ್ಕೆ ಕೈಯೂರಿ ಹಾರುವ ಕಸರತ್ತು) ಅಷ್ಟು ಅಪಾಯದ್ದೆಂದು ಹೆಸರಾಗಲು ಇದೂ ಒಂದು ಕಾರಣ. ಮುಂದಕ್ಕೆ ಎರಡು ಲಾಗ ಹಾಕಿ, ನೆಲ ಕಣ್ಣಿಗೆ ಸಿಗುವ ಮೊದಲೇ ಇಳಿಯಲು ಸಿದ್ಧವಾಗಬೇಕು. ಹಾಗಾಗಿ ನಿಮ್ಮ ಭಯ ಬಹುಪಾಲು ಹೊರಡುವ ಆ ಅರೆಗಳಿಗೆಯದು. ಅದೊಂದನ್ನೇ ಬಿಡಿಸಿ ಅಭ್ಯಾಸ ಮಾಡಬಹುದು. ಹಿಂದೆ ದಪ್ಪ ಮ್ಯಾಟ್‌ಗಳ ರಾಶಿ ಹಾಕಿ, ಕುಳಿತಂತೆ ಹಿಂದಕ್ಕೆ ವಾಲಿ ನೆಗೆದು ಬೆನ್ನ ಮೇಲೆ ಬೀಳುವುದು. ನೂರು ಸಲ ಬಿದ್ದರೆ ನೂರು ಸಲವೂ ಮ್ಯಾಟ್ ಅಲ್ಲೇ ಇತ್ತೆಂದು ಮೈಗೆ ಗೊತ್ತಾಗುತ್ತದೆ.

ಹೆದರಿಕೆಗೂ ಬ್ಲಾಕ್‌ಗೂ ಏನು ವ್ಯತ್ಯಾಸ?

ಇನ್ನೂ ಬಾರದ ಸ್ಕಿಲ್ (ಲಾಗದಂಥ ಒಂದು ಕಸರತ್ತು) ಎದುರು ಎದೆ ಡವಡವ ಅನ್ನುವುದು ಹೆದರಿಕೆ. ಹೆದರುತ್ತಲೇ ಮಾಡುತ್ತೀರಿ, ಮಾಡುತ್ತಾ ಮಾಡುತ್ತಾ ಅದು ಕರಗುತ್ತದೆ. ಚೆನ್ನಾಗಿ ಬರುತ್ತಿದ್ದ ಸ್ಕಿಲ್ ಒಂದು ದಿನ ಬಾರದೇ ಹೋಗುವುದು ಬ್ಲಾಕ್. ಶಕ್ತಿ ಇದೆ, ತಂತ್ರ ಗೊತ್ತಿದೆ, ಮನಸ್ಸೂ "ಮಾಡು" ಎನ್ನುತ್ತಿದೆ, ಆದರೂ ಕಾಲು ಏಳುವುದಿಲ್ಲ. ಎಷ್ಟೋ ಮಕ್ಕಳು "ನನಗೆ ಭಯವೇ ಇಲ್ಲ, ಮೈ ಮಾತ್ರ ಹೋಗಲ್ಲ" ಎನ್ನುತ್ತಾರೆ. ಅದು ನೆಪವಲ್ಲ, ಒಳಗೆ ಆಗುತ್ತಿರುವುದನ್ನೇ ಅವರು ಹೇಳುತ್ತಿದ್ದಾರೆ. ಟ್ರ್ಯಾಂಪೊಲಿನ್ ಆಟಗಾರರಲ್ಲಿ ಇದಕ್ಕೆ 'ಲಾಸ್ಟ್ ಮೂವ್' ಎಂಬ ಹೆಸರೇ ಇದೆ, ಕಳೆದುಹೋದ ಸ್ಕಿಲ್ ಎಂದು.

ಹೋದ ವಾರದವರೆಗೂ ಚೆನ್ನಾಗಿ ಬರ್ತಿತ್ತು. ಬಿದ್ದೂ ಇಲ್ಲ, ಪೆಟ್ಟೂ ಆಗಿಲ್ಲ. ಹೇಗೆ ಒಂದೇ ಸಲ ಹೋಗಿಬಿಡ್ತು?

ನಮಗೆ ತಿಳಿಯುವುದು ಒಂದೇ ಸಲ, ಆದರೆ ಕಾರಣಗಳು ಮೊದಲೇ ಸೇರಿಕೊಳ್ಳುತ್ತಾ ಬಂದಿರುತ್ತವೆ. ಎತ್ತರ ಹೆಚ್ಚುವುದು ದೊಡ್ಡ ಕಾರಣ. ಹೆಣ್ಣುಮಕ್ಕಳು ಸುಮಾರು 11-12ರ ವಯಸ್ಸಿನಲ್ಲಿ, ಗಂಡುಮಕ್ಕಳು 13-14ರಲ್ಲಿ ಸರ್ರನೆ ಬೆಳೆಯುತ್ತಾರೆ. ಒಂದೇ ವರ್ಷದಲ್ಲಿ 8 ಸೆಂಟಿಮೀಟರ್ ಬೆಳೆದ ಮಗುವಿನ ಕೈಕಾಲಿನ ಉದ್ದ, ತೂಕ, ಸುತ್ತುವ ವೇಗ ಎಲ್ಲವೂ ಬದಲಾಗಿರುತ್ತವೆ. ಹಳೆಯ ಮೈಯ ಲೆಕ್ಕ ಹೊಸ ಮೈಗೆ ಹೊಂದುವುದಿಲ್ಲ. ನಿದ್ದೆಗೆಟ್ಟಿರುವುದು, ಶಾಲೆಯ ಪರೀಕ್ಷೆ, ಗೆಳತಿ ಬಿದ್ದದ್ದನ್ನು ಕಣ್ಣಾರೆ ಕಂಡದ್ದು, ಪೆಟ್ಟಾಗದಿದ್ದರೂ ಕೂದಲೆಳೆಯಲ್ಲಿ ತಪ್ಪಿದ ಒಂದು ಜಾರು, ಇವೂ ಜೊತೆಗೂಡುತ್ತವೆ.

ಇನ್ನೊಂದು ಕಾರಣ ವಿಚಿತ್ರವಾದದ್ದು. ಕೈಗೆ ಪೂರ್ತಿ ಕೂತ ಕೆಲಸದ ಒಳಗೆ ಬುದ್ಧಿ ಕೈಹಾಕಿದಾಗ ಅದು ಕೆಡುತ್ತದೆ. ನಿಮ್ಮ ಜಡೆ ನೀವೇ ಹೆಣೆದುಕೊಳ್ಳುವಾಗ "ಈಗ ಯಾವ ಎಳೆ ಮೇಲೆ, ಯಾವುದು ಕೆಳಗೆ" ಎಂದು ಕೇಳಿಕೊಂಡು ನೋಡಿ, ಬೆರಳು ತಡವರಿಸುತ್ತದೆ. "ಕೈ ಇನ್ನೂ ಬೇಗ ಎತ್ತು, ತಲೆ ಹಿಂದೆ ಎಸೆಯಬೇಡ, ಮೊಣಕಾಲು ನೋಡಿಕೋ" ಎಂದು ಒಂದೇ ವಾರದಲ್ಲಿ ಮೂರು ತಿದ್ದುಪಡಿ ಕೇಳಿದ ಮಗುವಿಗೆ ಆಗುವುದೂ ಇದೇ.

ಕಾರಣ ಸಿಗಲೇಬೇಕೆಂದು ಹಠ ಹಿಡಿಯಬೇಡಿ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ವಾಪಸ್ ಬರುವ ದಾರಿ ಒಂದೇ.

## ಅಭ್ಯಾಸದ ಹೊತ್ತಿನ ಪ್ರಶ್ನೆಗಳು

"ಯೋಚನೆ ಮಾಡಬೇಡ, ಸುಮ್ನೆ ಹೋಗು" ಅಂತಾರೆ. ಯೋಚನೆ ನಿಲ್ಸೋದು ಹೇಗೆ?

ನಿಲ್ಲಿಸಲು ಆಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಎಂದು ಜನರಿಗೆ ಹೇಳಿದ್ದರು. ಅವರ ತಲೆಯಲ್ಲಿ ಮತ್ತೆ ಮತ್ತೆ ಬಂದದ್ದು ಆ ಕರಡಿಯೇ. "ಬೀಳಬೇಡ" ಎಂದುಕೊಂಡು ಬೀಮ್ ಮೇಲೆ ನಿಂತವಳ ಕಣ್ಣಿಗೂ ಬೀಳುವ ಚಿತ್ರವೇ ಕಟ್ಟುತ್ತದೆ.

ಯೋಚನೆಯನ್ನು ಓಡಿಸುವ ಬದಲು ಅದಕ್ಕೊಂದು ಸಣ್ಣ ಕೆಲಸ ಕೊಡಿ. ಎರಡೋ ಮೂರೋ ಪದ ಸಾಕು. ನನ್ನ ಹುಡುಗಿಯೊಬ್ಬಳು "ಕೂರು, ಹಾರು, ತಳ್ಳು" ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಾಳೆ. ಇನ್ನೊಬ್ಬಳಿಗೆ "ತಕ, ತಾಂ" ಎಂಬ ತಾಳವೇ ಸಾಕು. ಪದಕ್ಕಿಂತ ಲಯ ಮುಖ್ಯ. ಕೊನೆಯ ಪದ ಬಾಯಿಗೆ ಬರುವಷ್ಟರಲ್ಲಿ ಕೈ ನೆಲ ಮುಟ್ಟಿರಬೇಕು. ಪದಗಳು ಏನು ಮಾಡಬೇಕೆಂದು ಹೇಳಲಿ. "ಬೇಡ" ಎಂಬ ಮಾತು ಅದರಲ್ಲಿ ಬಾರದಿರಲಿ.

ಕಳೆದುಹೋದ ಸ್ಕಿಲ್ ವಾಪಸ್ ತರೋದು ಹೇಗೆ? ಎಲ್ಲಿಂದ ಶುರು ಮಾಡ್ಲಿ?

ಹೆದರಿಕೆ ಇಲ್ಲದ ಮೆಟ್ಟಿಲಿಗೆ ಇಳಿಯಿರಿ. ಎಲ್ಲರಿಗೂ ಕಷ್ಟವಾಗುವುದು ಇದೇ, ಏಕೆಂದರೆ ಇಳಿಯುವುದು ಅವಮಾನ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ನನ್ನ ಏಳು ತಿಂಗಳಲ್ಲಿ ಮೊದಲ ನಾಲ್ಕು ಎತ್ತರದ ಬೀಮ್ ಮೇಲೆ ನಿಂತು ಅಳುವುದರಲ್ಲೇ ಕಳೆದವು. ಕೆಳಗಿಳಿದು ಶುರು ಮಾಡಿದ ಮೇಲೆ ಹಿಡಿದದ್ದು ಮೂರೇ ತಿಂಗಳು.

ಬೀಮ್ ಮೇಲಿನ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಅನ್ನೇ ತೆಗೆದುಕೊಳ್ಳಿ. ಮೊದಲು ಫ್ಲೋರ್ (ನೆಲದ ಮೇಲಿನ ಮೆತ್ತನೆಯ ಅಂಕಣ) ಮೇಲೆ ಸುಮ್ಮನೆ ಮಾಡಿ. ಆಮೇಲೆ ಫ್ಲೋರ್ ಮೇಲೆ ಎಳೆದ ಗೆರೆಯ ಮೇಲೆ. ಅಲ್ಲಿಂದ ನೆಲಕ್ಕೆ ಅಂಟಿಕೊಂಡ ಬೀಮ್. ಮುಂದೆ ತಗ್ಗಿನ ಬೀಮ್, ಎರಡೂ ಬದಿ ಬೀಮ್‌ನ ಮಟ್ಟಕ್ಕೇ ಮ್ಯಾಟ್ ಪೇರಿಸಿ. ಹಾಗೆ ಪೇರಿಸಿದಾಗ ಬೀಮ್ ಮೇಲೆ ಇದ್ದೀರೋ ನೆಲದ ಮೇಲೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದೊಂದೇ ಮ್ಯಾಟ್ ತೆಗೆಯುತ್ತಾ ಬನ್ನಿ. ಎತ್ತರದ ಬೀಮ್‌ಗೆ ಹೋದಾಗ ಮತ್ತೆ ಮ್ಯಾಟ್ ಪೇರಿಸಿಕೊಂಡೇ ಶುರು ಮಾಡಿ, ಮತ್ತೆ ಒಂದೊಂದೇ ತೆಗೆಯಿರಿ.

ಯಾವಾಗ ಮೇಲೇರಬೇಕು? ಮಕ್ಕಳಿಗೆ ಹೆದರಿಕೆಗೆ 0ಯಿಂದ 10ರ ಒಳಗೆ ಅಂಕ ಕೊಡಲು ಹೇಳುತ್ತೇನೆ. ಅಂಕ 3ಕ್ಕಿಂತ ಕೆಳಗಿದ್ದು, ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಸಲೀಸಾಗಿ ಬಂದರೆ ಮುಂದಿನ ಮೆಟ್ಟಿಲು. 6 ದಾಟಿದರೆ ಅವತ್ತು ಅಲ್ಲಿ ಕೆಲಸವಿಲ್ಲ, ಒಂದು ಮೆಟ್ಟಿಲು ಕೆಳಗೆ. ಇದು ನನ್ನ ಅನುಭವದ ಅಳತೆ, ಶಾಸನವೇನಲ್ಲ. ಆದರೆ ಇದರ ಹಿಂದಿನ ವಿಚಾರ ಹಳೆಯದು. ತಾನು ಮಾಡಬಲ್ಲೆನೆಂಬ ನಂಬಿಕೆಗೆ ತಾನೇ ಮಾಡಿ ಗೆದ್ದ ಅನುಭವದಷ್ಟು ಗಟ್ಟಿಯಾದ ಆಧಾರ ಬೇರೆ ಇಲ್ಲವೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದರು. ಬೇರೆಯವರು ಮಾಡುವುದನ್ನು ನೋಡುವುದು, ಹುರಿದುಂಬಿಸುವ ಮಾತು, ಮೈಯ ಶಾಂತ ಸ್ಥಿತಿ ಇವೂ ಅವರ ಪಟ್ಟಿಯಲ್ಲಿವೆ, ಆದರೆ ಅವೆಲ್ಲ ಆಮೇಲಿನವು. ನೂರು "ನಿನ್ನ ಕೈಲಾಗುತ್ತೆ"ಗಿಂತ ತಗ್ಗಿನ ಬೀಮ್ ಮೇಲೆ ನೀವೇ ಮಾಡಿದ ಹತ್ತು ಹೆಚ್ಚು ತೂಗುತ್ತವೆ.

ಬೀಮ್ ತುದೀಲಿ ನಿಂತು ಕೈ ಎತ್ತೋದು, ಇಳಿಸೋದು. ಅರ್ಧ ಗಂಟೆ ಹಾಗೇ ಹೋಗುತ್ತೆ. ಏನ್ಮಾಡ್ಲಿ?

ಮೊದಲು ಆ ಅರ್ಧ ಗಂಟೆಯಲ್ಲಿ ಏನಾಗುತ್ತಿದೆ ನೋಡೋಣ. ಹನ್ನೊಂದರ ಒಬ್ಬ ಹುಡುಗಿ. ಕಾಲ್ಬೆರಳು ಬೀಮ್‌ನ ಅಂಚನ್ನು ಗಟ್ಟಿಯಾಗಿ ಹಿಡಿದು ಬೆಳ್ಳಗಾಗಿವೆ. ಕೈ ಕಿವಿಯ ಪಕ್ಕಕ್ಕೆ ಏರುತ್ತದೆ, ಉಸಿರು ಕಟ್ಟುತ್ತದೆ, ಮೊಣಕಾಲು ಒಂದಿಷ್ಟು ಮಡಚುತ್ತದೆ, ಅಷ್ಟರಲ್ಲಿ ಭುಜ ಸಡಿಲವಾಗಿ ಕೈ ಕೆಳಗೆ. ಲಿಯೊಟಾರ್ಡ್‌ನ ಅಂಚು ಸರಿಮಾಡಿಕೊಳ್ಳುತ್ತಾಳೆ. ಮತ್ತೆ ಕೈ ಮೇಲೆ. ನಾನು ಎಣಿಸಿದೆ, ಹದಿನೇಳು ಸಲ. ಕೈ ಇಳಿದಾಗಲೆಲ್ಲ ಅವಳಿಗೆ ಒಂದು ಕ್ಷಣ ನೆಮ್ಮದಿ ಸಿಗುತ್ತಿತ್ತು. ಆ ನೆಮ್ಮದಿಯೇ ತೊಂದರೆ. ನಿಂತರೆ ಸುಖ ಎಂದು ಮೈ ಕಲಿಯುತ್ತದೆ. ಅವತ್ತು ಅವಳು ಹದಿನೇಳು ಸಲ ಅಭ್ಯಾಸ ಮಾಡಿದ್ದು ನಿಲ್ಲುವುದನ್ನು.

ಆದ್ದರಿಂದ ಮೂರು ಸಲದ ಕಟ್ಟು ಹಾಕಿಕೊಳ್ಳಿ. ಮೂರು ಸಲ ಕೈ ಎತ್ತಿಯೂ ಹೋಗಲಾಗದಿದ್ದರೆ ಇಳಿದು, ಒಂದು ಮೆಟ್ಟಿಲು ಕೆಳಗಿನದನ್ನು ಮಾಡಿ ಮುಗಿಸಿ. ಸೋತೆ ಎಂದುಕೊಳ್ಳಬೇಡಿ, ನಿಲ್ಲುವ ಚಾಳಿ ಬೇರೂರದಂತೆ ತಡೆಯುವ ಉಪಾಯ ಇದು. ಆ ಹುಡುಗಿಗೆ ಕೈ ಎತ್ತುವ ಕ್ರಮವನ್ನೇ ಬದಲಿಸಿದೆವು. ಕೈ ಮುಂದಿಟ್ಟು ಒಂದು ಉಸಿರು ಬಿಟ್ಟು, ಅಲ್ಲಿಂದ ನೇರ ಹೊರಡುವುದು. ಹಳೆಯ ಭಂಗಿಗೆ ಅಂಟಿಕೊಂಡಿದ್ದ ಹಿಂಜರಿಕೆ ಹೊಸ ಭಂಗಿಗೆ ಅಷ್ಟಾಗಿ ಅಂಟಲಿಲ್ಲ.

ಕೋಚ್ ಆಸರೆಗೆ ಕೈ ಚಾಚಿ ನಿಂತ್ರೆ ಮಾಡ್ತೀನಿ, ಕೈ ತೆಗೆದ್ರೆ ಆಗಲ್ಲ. ಅವರು ಮುಟ್ತಾನೂ ಇರಲ್ಲ, ಬರೀ ಪಕ್ಕದಲ್ಲಿ ನಿಂತಿರ್ತಾರೆ!

ಹಾಗಾದರೆ ಮೈಗೆ ಸ್ಕಿಲ್ ಬರುತ್ತದೆ ಎಂದಾಯಿತು, ಅದು ಒಳ್ಳೆಯ ಸುದ್ದಿ. ಇನ್ನು ಆಧಾರವನ್ನು ಎಳೆ ಎಳೆಯಾಗಿ ಬಿಡಿಸಬೇಕು. ಬೆನ್ನಿಗೆ ಪೂರ್ತಿ ಕೈ, ಆಮೇಲೆ ಎರಡು ಬೆರಳು, ಆಮೇಲೆ ಮುಟ್ಟದೆ ಪಕ್ಕದಲ್ಲಿ, ಆಮೇಲೆ ಒಂದು ಹೆಜ್ಜೆ ಆಚೆ, ಕೊನೆಗೆ ಬೀಮ್‌ನ ಆ ತುದಿಯಲ್ಲಿ. ಪ್ರತಿ ಸಲ ಕೋಚ್ ಎಲ್ಲಿ ನಿಲ್ಲುತ್ತಾರೆಂದು ನೀವೇ ಬಾಯಿಬಿಟ್ಟು ಹೇಳಿ.

ಕೋಚ್‌ಗಳಿಗೆ ಇಲ್ಲಿ ಒಂದು ಮಾತು. ಹಿಡಿಯುತ್ತೇನೆ ಎಂದು ಹೇಳಿ ಕೊನೆಯ ಗಳಿಗೆಯಲ್ಲಿ ಕೈ ತೆಗೆದು "ನೋಡಿದ್ಯಾ, ನೀನೇ ಮಾಡಿದೆ!" ಎನ್ನುವ ಚಾಲಾಕಿತನ ದಯವಿಟ್ಟು ಬೇಡ. ಆ ಒಂದು ಸಲ ಮಗು ಮಾಡಿರಬಹುದು. ನಾಳೆಯಿಂದ ಅದು ಸ್ಕಿಲ್ ಜೊತೆಗೆ ನಿಮ್ಮ ಕೈಯನ್ನೂ ಅನುಮಾನಿಸುತ್ತದೆ.

ಹಾರಿದ ಮೇಲೆ ಗಾಳಿಯಲ್ಲಿ ಭಯ ಆಗಿ ಬಿಟ್ಟುಬಿಡ್ತೀನಿ. ಹಾಗೆ ಮಾಡಿದ್ರೆ ಅಪಾಯಾನಾ?

ಹೌದು. ಈ ಪುಟದಲ್ಲಿ ಇದೊಂದನ್ನು ಮರೆಯದೆ ನೆನಪಿಡಿ. ಹಿಂದಕ್ಕೆ ಹೊರಟು ಅರ್ಧದಲ್ಲಿ ಮೈ ಬಿಚ್ಚಿದರೆ, ತಿರುಗಿ ನೋಡಿದರೆ, ತಲೆಯ ಮೇಲೋ ಕತ್ತಿನ ಮೇಲೋ ಮಡಚಿದ ಕೈಯ ಮೇಲೋ ಬೀಳುವ ಸಾಧ್ಯತೆ ಹೆಚ್ಚು. ಅನುಮಾನವಿದ್ದರೆ ಹೊರಡುವ ಮೊದಲೇ ನಿಲ್ಲಿ, ಹೊರಟ ಮೇಲೆ ಮುಗಿಸಿ. ಮೂರು ಸಲಕ್ಕೆ ಒಂದು ಸಲವಾದರೂ ಗಾಳಿಯಲ್ಲಿ ಬಿಟ್ಟುಬಿಡುತ್ತಿದ್ದರೆ ಗಟ್ಟಿ ನೆಲದ ಮೇಲೆ ಆ ಸ್ಕಿಲ್ ಸದ್ಯಕ್ಕೆ ನಿಲ್ಲಬೇಕು. ಫೋಮ್ ಪಿಟ್ (ಸ್ಪಂಜಿನ ತುಂಡು ತುಂಬಿದ ಗುಂಡಿ), ಬೆಲ್ಟ್ (ಹಗ್ಗಕ್ಕೆ ಕಟ್ಟಿದ ಸೊಂಟಪಟ್ಟಿ), ದಪ್ಪ ಮ್ಯಾಟ್, ಇವುಗಳ ಆಸರೆಯಲ್ಲಿ ಮಾತ್ರ. ಬೀಳುವುದನ್ನೂ ಕಲಿಯಿರಿ. ಗಲ್ಲ ಎದೆಗೆ, ಬೆನ್ನು ದುಂಡಗೆ, ಕೈ ಹಿಂದಕ್ಕೆ ಊರದೆ ಉರುಳುವುದು. ಬೀಳಲು ಬರುವವಳಿಗೆ ಹೆದರಿಕೆ ಅರ್ಧ ಇಳಿಯುತ್ತದೆ.

ಕಣ್ಣು ಮುಚ್ಚಿ ಮನಸ್ಸಲ್ಲಿ ಮಾಡಿ ನೋಡು ಅಂತಾರೆ. ನಾನು ಮನಸ್ಸಲ್ಲೂ ಬೀಳ್ತೀನಿ!

ಇದನ್ನು ಕೇಳಿದವರು ಎಷ್ಟೋ ಮಂದಿ. ಚಿತ್ರವನ್ನು ಸಿನಿಮಾದಂತೆ ಹಿಡಿತಕ್ಕೆ ತೆಗೆದುಕೊಳ್ಳಿ. ಬೀಳುವ ಕ್ಷಣದ ಸ್ವಲ್ಪ ಮೊದಲೇ ನಿಲ್ಲಿಸಿ, ಹಿಂದಕ್ಕೆ ತಂದು, ಅಲ್ಲಿಂದ ನಿಧಾನಗತಿಯಲ್ಲಿ ಸರಿಯಾಗಿ ಮುಗಿಸಿ. ಅದೂ ಆಗದಿದ್ದರೆ ಮನಸ್ಸಿನಲ್ಲೂ ಮೆಟ್ಟಿಲು ಇಳಿಯಿರಿ. ಎತ್ತರದ ಬೀಮ್ ಬಿಟ್ಟು ಫ್ಲೋರ್ ಮೇಲೆ ಮಾಡುತ್ತಿರುವಂತೆ ಕಾಣಿ. ನಿಮ್ಮದೇ ಹಳೆಯ ವಿಡಿಯೊ ಇದ್ದರೆ ಅದನ್ನು ಎರಡು ಮೂರು ಸಲ ನೋಡಿ ಆಮೇಲೆ ಕಣ್ಣು ಮುಚ್ಚಿ.

ಕಾಣುವುದಕ್ಕಿಂತ ಅನುಭವಿಸುವುದು ಮುಖ್ಯ. ಅಂಗಾಲಿಗೆ ಬೀಮ್‌ನ ಒರಟು, ಅಂಗೈಯಲ್ಲಿ ಚಾಕ್‌ನ ಒಣ ಪುಡಿ, ಭುಜ ತಳ್ಳಿದಾಗಿನ ಒತ್ತಡ, ಕಾಲು ಊರಿದಾಗಿನ ಸದ್ದು. ನಿಜಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಹೊತ್ತು. ದಿನಕ್ಕೆ ಐದು ನಿಮಿಷ ಸಾಕು, ಮಲಗುವ ಮೊದಲು ಬೇಡ. ಚಿತ್ರ ಕೆಟ್ಟರೆ ನಿದ್ದೆಯೂ ಕೆಡುತ್ತದೆ.

ಎದೆ ಹೊಡ್ಕೊಳ್ಳೋದು ನಿಲ್ಸೋಕೆ ಏನಾದ್ರೂ ಇದೆಯಾ?

ಉಸಿರನ್ನು ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ನಾಲ್ಕೈದು ಸಲ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ಕೊಂಚ ನಿಧಾನವಾಗುತ್ತದೆ. ಪೂರ್ತಿ ಶಾಂತವಾಗಬೇಕೆಂದು ಕಾಯಬೇಡಿ, ಹಾರಲು ಒಂದಿಷ್ಟು ಬಿಸಿ ಬೇಕು.

## ಪೆಟ್ಟು, ವಯಸ್ಸು, ಮನೆಯವರು, ಕೋಚ್

ಕೈ ಮುರಿದು ವಾಪಸ್ ಬಂದಿದೀನಿ. ಡಾಕ್ಟರ್ ಸರಿಹೋಗಿದೆ ಅಂದ್ರು, ಆದ್ರೂ ಅದೇ ಸ್ಕಿಲ್ ಮಾಡೋಕೆ ಆಗ್ತಿಲ್ಲ.

ಮೂಳೆ ಕೂಡುವುದೊಂದು, ನಂಬಿಕೆ ಕೂಡುವುದೊಂದು. ಎರಡಕ್ಕೂ ಒಂದೇ ತಾರೀಖು ಇಡಬೇಡಿ. ಮೊದಲು ಆ ಕೈಗೆ ಭಾರ ಹೊರುವ ಅಭ್ಯಾಸ ಕೊಡಿ. ಗೋಡೆಗೆ ತಾಗಿ ಹ್ಯಾಂಡ್‌ಸ್ಟ್ಯಾಂಡ್, ಅಲ್ಲೇ ಒಂದು ಕೈಯಿಂದ ಇನ್ನೊಂದಕ್ಕೆ ತೂಕ ಬದಲಿಸುವುದು, ಕೈ ಊರಿ ಸಣ್ಣದಾಗಿ ಪುಟಿಯುವುದು. ಎಡಗೈ ಹೊತ್ತಷ್ಟನ್ನೇ ಬಲಗೈಯೂ ಹೊರುತ್ತದೆಂದು ಕಣ್ಣಾರೆ ಕಂಡರೆ ಹೆದರಿಕೆಯ ಒಂದು ಕಾಲು ಮುರಿದಂತೆ.

ಆಮೇಲೆ, ಹೇಗೆ ಬಿದ್ದಿರೆಂದು ಕೋಚ್ ಜೊತೆ ಕೂತು ಮಾತಾಡಿ. ಕಾರಣ ಗೊತ್ತಿಲ್ಲದೆ ಬಿದ್ದದ್ದು "ಯಾವಾಗ ಬೇಕಾದರೂ ಆಗಬಹುದು" ಅನ್ನಿಸುತ್ತದೆ. "ಭುಜ ಮುಂದೆ ಹೋಗಿತ್ತು, ಕೈ ಓರೆಯಾಗಿ ಊರಿದೆ" ಎಂದು ಗೊತ್ತಾದರೆ ಅದನ್ನು ತಿದ್ದಬಹುದು. ಹಳೆಯ ಜಾಗದಲ್ಲಿ ಹೊಸ ನೋವು ಬಂದರೆ ಮಾತ್ರ ಅದನ್ನು ಮನಸ್ಸಿನದೆಂದು ತಳ್ಳಿಹಾಕದೆ ಡಾಕ್ಟರನ್ನು ನೋಡಿ.

ನಂಗೆ ಮೂವತ್ತೆರಡು. ಈ ವಯಸ್ಸಲ್ಲಿ ಹಿಂದಕ್ಕೆ ಲಾಗ ಕಲಿಯೋಕೆ ಹೊರಟು ಹೆದರ್ತಾ ಇದೀನಿ. ನಗ್ಬೇಡಿ.

ನಗುವುದೇ ಇಲ್ಲ. ಜಿಮ್ನಾಸ್ಟ್ ಓಕ್ಸಾನಾ ಚುಸೊವಿಟಿನಾ 1992ರಿಂದ ಆರಂಭಿಸಿ ಎಂಟು ಒಲಿಂಪಿಕ್ಸ್ ಆಡಿದವರು, ಟೋಕಿಯೊದಲ್ಲಿ ಆಕೆಗೆ 46. ಆಕೆಯ ಜೀವಮಾನದ ತರಬೇತಿ ನಮಗಿಲ್ಲ ನಿಜ. ಆದರೆ ದೊಡ್ಡವರಿಗೆ ಒಂದು ಅನುಕೂಲವಿದೆ, ಏನು ಹೆದರಿಕೆ ಎಂದು ಬಿಡಿಸಿ ಹೇಳಬಲ್ಲರು. "ಬೀಳುತ್ತೇನೆ" ಎನ್ನುವ ಬದಲು "ಮಣಿಕಟ್ಟು ತಡೆಯಲಾರದೇನೋ" ಎನ್ನುತ್ತಾರೆ. ಹಾಗಾದರೆ ಮೊದಲು ಮಣಿಕಟ್ಟನ್ನೇ ಗಟ್ಟಿ ಮಾಡೋಣ. ನಿಮ್ಮ ಹೆದರಿಕೆ ಎಷ್ಟೋ ಸಲ ಸರಿಯಾದ ಲೆಕ್ಕವೇ ಆಗಿರುತ್ತದೆ. ಅದಕ್ಕೆ ಮೈಯಿಂದ ಉತ್ತರ ಕೊಡಿ.

ಮಗಳು ಅಳ್ತಾ ಬರ್ತಾಳೆ. ಮನೆಗೆ ಬರೋ ದಾರೀಲಿ ಏನು ಹೇಳ್ಲಿ?

"ಇವತ್ತು ಮಾಡಿದ್ಯಾ?" ಎಂಬ ಒಂದು ಪ್ರಶ್ನೆಯನ್ನು ಬಿಟ್ಟುಬಿಡಿ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತೀರಿ, ಆದರೆ ಅವಳ ಕಿವಿಗೆ ಅದು ಪರೀಕ್ಷೆಯ ಫಲಿತಾಂಶ ಕೇಳಿದಂತೆ. ಮಾಡಿದರೆ ಬಹುಮಾನ ಎಂಬ ಆಸೆಯೂ ಬೇಡ. ಬೇಕೆಂದು ಬಿಟ್ಟದ್ದನ್ನು ಬಹುಮಾನ ಕೊಟ್ಟು ಮಾಡಿಸಬಹುದು, ಬ್ಲಾಕ್ ಹಾಗಲ್ಲ. ಹೊಟ್ಟೆಗೆ ಏನಾದರೂ ಕೊಡಿ, ಸುಮ್ಮನಿರಿ, ಅವಳೇ ಮಾತು ತೆಗೆದರೆ ಕೇಳಿಸಿಕೊಳ್ಳಿ. "ಬೇಜಾರಾಗಿದೆ ಅಲ್ವಾ ಪುಟ್ಟಿ" ಎಂದರೆ ಸಾಕು. ಪಾಠ ಹೇಳುವ ಕೆಲಸ ಕೋಚ್‌ಗೆ ಬಿಡಿ. ಸ್ಕಿಲ್ ಬಂದರೂ ಬಾರದಿದ್ದರೂ ಮನೆಯಲ್ಲಿ ತಾನು ಅದೇ ಮಗಳು ಎಂದು ಅವಳಿಗೆ ಅನ್ನಿಸುತ್ತಿರಬೇಕು.

ನಾನೊಬ್ಬ ಕೋಚ್. ಸ್ವಲ್ಪ ಗದರಿಸಿದ್ರೆ ಮಾಡ್ತಾರೆ. ಅದ್ರಲ್ಲಿ ತಪ್ಪೇನು?

ಮಾಡುತ್ತಾರೆ. ಬೀಮ್‌ಗಿಂತ ನಿಮ್ಮ ಭಯ ದೊಡ್ಡದಾದಾಗ ಮಾಡಿಯೇ ಮಾಡುತ್ತಾರೆ. ಆಗ ಮಗುವಿಗೆ ತನ್ನ ಮೈ ಹೇಳುವುದನ್ನು ಕೇಳಿಸಿಕೊಳ್ಳಬಾರದೆಂದು ಕಲಿಸಿದಂತಾಯಿತು.

ಸೋವಿಯತ್ ಜಿಮ್ನಾಸ್ಟ್ ಎಲೆನಾ ಮುಖಿನಾ 1978ರ ವಿಶ್ವ ಚಾಂಪಿಯನ್. ಕಾಲು ಮುರಿದುಕೊಂಡು ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಅಭ್ಯಾಸಕ್ಕೆ ಮರಳಿದ್ದಳು. ಮಾಸ್ಕೊ ಒಲಿಂಪಿಕ್ಸ್‌ಗೆ ಎರಡು ವಾರವಿರುವಾಗ, 1980ರ ಜುಲೈ 3ರಂದು, ಗಾಳಿಯಲ್ಲಿ ಮೈ ತಿರುಗಿಸುತ್ತಾ ಲಾಗ ಹಾಕಿ ಉರುಳಿ ಇಳಿಯುವ ಥಾಮಸ್ ಸಾಲ್ಟೊ ಎಂಬ ಸ್ಕಿಲ್‌ನ ಅಭ್ಯಾಸದಲ್ಲಿ ಕತ್ತಿನ ಮೂಳೆ ಮುರಿಯಿತು. ಆಗ ಆಕೆಗೆ ಇಪ್ಪತ್ತು. ಕೈಕಾಲು ಸ್ವಾಧೀನವಿಲ್ಲದೆ 2006ರಲ್ಲಿ ತೀರಿಕೊಳ್ಳುವವರೆಗೆ ಬದುಕಿದಳು. ಆ ಸ್ಕಿಲ್ ಅಪಾಯಕಾರಿ ಎಂದು ಕೋಚ್‌ಗೆ ಮೊದಲೇ ಹೇಳಿದ್ದೆನೆಂದು ಆಮೇಲೆ ಸಂದರ್ಶನದಲ್ಲಿ ಹೇಳಿಕೊಂಡಳು. ಮಗುವೊಂದು "ನಂಗೆ ಆಗಲ್ಲ" ಎಂದಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಎಲ್ಲ ಹೆದರಿಕೆಯೂ ಅಷ್ಟು ದೊಡ್ಡ ಅಪಾಯದ ಸೂಚನೆಯಲ್ಲ, ಗೊತ್ತು. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕೇಳಿಸಿಕೊಳ್ಳದೆ ತಿಳಿಯುವ ದಾರಿ ಇಲ್ಲ.

## ಮುಂದುವರಿದವರ ಪ್ರಶ್ನೆಗಳು

ಟ್ವಿಸ್ಟ್ (ಲಾಗದ ನಡುವೆ ಮೈಯನ್ನು ಬುಗುರಿಯಂತೆ ತಿರುಗಿಸೋದು) ಮಾಡೋವಾಗ ಗಾಳಿಯಲ್ಲಿ ಎಲ್ಲಿದೀನಿ ಅಂತಲೇ ಗೊತ್ತಾಗ್ತಿಲ್ಲ. ಇದೂ ಬ್ಲಾಕಾ?

ಇದು 'ಟ್ವಿಸ್ಟೀಸ್'. ಬ್ಲಾಕ್‌ನ ಬಳಗದ್ದೇ, ಆದರೆ ಇನ್ನೂ ಅಪಾಯದ್ದು. ಬ್ಲಾಕ್‌ನಲ್ಲಿ ಮೈ ಹೊರಡುವುದೇ ಇಲ್ಲ. ಇದರಲ್ಲಿ ಹೊರಟ ಮೇಲೆ ದಿಕ್ಕು ತಪ್ಪುತ್ತದೆ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು, ಕಣ್ಣು, ಸ್ನಾಯು ಕೀಲುಗಳಿಂದ ಬರುವ ಸುದ್ದಿ, ಇವನ್ನೆಲ್ಲ ಮಿದುಳು ಹೊಂದಿಸಿ "ಈಗ ನೆಲ ಇಲ್ಲಿದೆ" ಎಂದು ಹೇಳುತ್ತಿರುತ್ತದೆ. ಆ ಹೊಂದಾಣಿಕೆ ತಪ್ಪಿದರೆ ಎಷ್ಟು ಸುತ್ತಿದ್ದೀರೆಂದು ಗೊತ್ತಾಗದೆ ಇಳಿಯುತ್ತೀರಿ.

2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್ ಮೇಲೆ ಎರಡೂವರೆ ಟ್ವಿಸ್ಟ್ ಮಾಡಲು ಹೊರಟು ಒಂದೂವರೆಗೇ ಇಳಿದಳು. ಆಮೇಲೆ ಫೈನಲ್‌ನಿಂದ ಹಿಂದೆ ಸರಿದಳು. ಜಗತ್ತಿನ ಅರ್ಧ ಮಂದಿ ಆಕೆಯನ್ನು ದೂರಿದರು. ಜಿಮ್ನಾಸ್ಟ್‌ಗಳಿಗೆ ಮಾತ್ರ ಆ ಇಳಿತ ನೋಡಿ ಮೈ ಜುಂ ಎಂದಿತ್ತು. ಆಗಸ್ಟ್ 3ರಂದು ಬೀಮ್ ಫೈನಲ್‌ಗೆ ಬಂದಾಗ ಕೊನೆಯ ಇಳಿತದಿಂದ ಟ್ವಿಸ್ಟನ್ನು ತೆಗೆದುಹಾಕಿ ಬರೀ ಎರಡು ಲಾಗ ಹಾಕಿದಳು, ಕಂಚು ಗೆದ್ದಳು. ನನ್ನ ಮಟ್ಟಿಗೆ ಇಡೀ ಕಥೆಯ ಪಾಠ ಆ ಇಳಿತದಲ್ಲಿದೆ. ಕೈಗೆ ಬರುವುದನ್ನು ಉಳಿಸಿಕೊಂಡು, ಬಾರದ್ದನ್ನು ಬದಿಗಿಟ್ಟಳು. ಎರಡು ವರ್ಷ ಬಿಟ್ಟು ಮರಳಿದವಳು 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದಳು.

ನಿಮಗೆ ಹೀಗಾದರೆ ಟ್ವಿಸ್ಟ್ ಇರುವುದೆಲ್ಲ ಅವತ್ತೇ ನಿಲ್ಲಿಸಿ. ನೆಟ್ಟಗೆ ನೆಗೆದು ಕಾಲು ಭಾಗದ ಸುತ್ತು, ಅರ್ಧ ಸುತ್ತು, ಒಂದು ಸುತ್ತು, ಇಳಿದಾಗ ಗೋಡೆಯ ಯಾವ ಗುರುತು ಕಂಡಿತೆಂದು ಹೇಳಿ. ಟ್ರ್ಯಾಂಪೊಲಿನ್, ಫೋಮ್ ಪಿಟ್ ಆಮೇಲೆ. ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು.

ಒಂದು ಸ್ಕಿಲ್ ಹೋಯ್ತು. ಈಗ ಅದರ ಜೊತೆ ಇನ್ನೆರಡೂ ಹೋಗ್ತಿವೆ. ತಡೆಯೋದು ಹೇಗೆ?

ಬ್ಲಾಕ್ ಹೀಗೆ ಹಬ್ಬುವುದುಂಟು. ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಹೋದರೆ ಅದರಿಂದ ಶುರುವಾಗುವ ಎಲ್ಲವೂ ಅಲುಗಾಡುತ್ತವೆ. ಹಟಕ್ಕೆ ಬಿದ್ದು ದಿನವೆಲ್ಲ ಅದರ ಮೇಲೇ ಕೂತರೆ ಇನ್ನೂ ಬೇಗ ಹಬ್ಬುತ್ತದೆ. ತೊಂದರೆಯ ಸ್ಕಿಲ್‌ಗೆ ಒಂದು ತರಬೇತಿಯಲ್ಲಿ ಹತ್ತು ಹದಿನೈದು ನಿಮಿಷ ಮೀರಬೇಡಿ, ಅದೂ ಮೈ ಬಿಸಿಯಾದ ಮೇಲೆ, ದಣಿಯುವ ಮೊದಲು. ಉಳಿದ ಹೊತ್ತು ಬಾರ್ (ಕಂಬಿಯ ಮೇಲಿನ ಕಸರತ್ತು), ಕುಣಿತದ ಭಾಗ, ಶಕ್ತಿಯ ಕೆಲಸ, ನಿಮಗೆ ಖುಷಿ ಕೊಡುವುದೇನಿದೆಯೋ ಅದು. ಬೇರೆ ದಾರಿಯಿಂದ ಅದೇ ಮಟ್ಟದ ಸ್ಕಿಲ್ ಇದ್ದರೆ ಅದನ್ನೂ ಕಲಿಯಿರಿ. ಹಿಂದಕ್ಕೆ ಹೋಗುವುದು ಕಟ್ಟಿದ್ದರೆ ಮುಂದಕ್ಕೆ ಹೋಗುವುದನ್ನು ಬೆಳೆಸಿ. ಕೆಲವರು ಕಳೆದುಹೋದ ಸ್ಕಿಲ್‌ಗೆ ಮರಳುವುದೇ ಇಲ್ಲ, ಹೊಸ ದಾರಿಯಲ್ಲೇ ಚೆನ್ನಾಗಿ ಮುಂದುವರಿಯುತ್ತಾರೆ. ಅದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ.

ಸ್ಪರ್ಧೆಗೆ ಎರಡೇ ವಾರ ಇದೆ. ಹೇಗಾದ್ರೂ ಮಾಡಿ ಅಷ್ಟರಲ್ಲಿ ತರಬಹುದಾ?

ಸುಳ್ಳು ಭರವಸೆ ಕೊಡಲಾರೆ. ಬ್ಲಾಕ್‌ಗೆ ಕ್ಯಾಲೆಂಡರ್ ತೋರಿಸಿದಷ್ಟೂ ಅದು ಬಿಗಿಯಾಗುತ್ತದೆ. ಇವತ್ತೇ ಕೋಚ್ ಜೊತೆ ಕೂತು ಆ ಸ್ಕಿಲ್ ಇಲ್ಲದ ಒಂದು ರೊಟೀನ್ (ಸ್ಪರ್ಧೆಯಲ್ಲಿ ಸಾಲಾಗಿ ಮಾಡುವ ಸ್ಕಿಲ್‌ಗಳ ಜೋಡಣೆ) ಕಟ್ಟಿ, ಅದನ್ನೇ ಅಭ್ಯಾಸ ಮಾಡಿ. ಅಂಕ ಕಡಿಮೆಯಾಗುತ್ತದೆ, ಆಗಲಿ. "ಮಾಡಲೇಬೇಕು" ಎಂಬ ಭಾರ ಇಳಿದ ಮೇಲೆ ಸ್ಕಿಲ್ ತಾನಾಗಿ ಮರಳಿದ್ದನ್ನೂ ಕಂಡಿದ್ದೇನೆ. ಆದರೆ ಅಭ್ಯಾಸದಲ್ಲಿ ಗಟ್ಟಿಯಾಗದ್ದನ್ನು ಸ್ಪರ್ಧೆಯ ದಿನ ಮೊದಲ ಸಲ ಪ್ರಯತ್ನಿಸಬೇಡಿ.

ಯಾವಾಗ ಮನಶ್ಶಾಸ್ತ್ರಜ್ಞರನ್ನು ನೋಡ್ಬೇಕು?

ತರಬೇತಿಯ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ, ಹೊರಡುವ ಹೊತ್ತಿಗೆ ಹೊಟ್ಟೆನೋವು ವಾಂತಿ ಶುರುವಾದರೆ, ಬಿದ್ದ ದೃಶ್ಯ ಬೇಡವೆಂದರೂ ಮತ್ತೆ ಮತ್ತೆ ಕಣ್ಣಿಗೆ ಬಂದರೆ, ಹೆದರಿಕೆ ಜಿಮ್‌ನಾಚೆಯ ಬದುಕಿಗೂ ಕಾಲಿಟ್ಟರೆ ಕಾಯಬೇಡಿ. ಕ್ರೀಡಾಪಟುಗಳ ಜೊತೆ ಕೆಲಸ ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದು. ಮಗು ಹೆದರುತ್ತಿರುವುದು ಸ್ಕಿಲ್‌ಗಲ್ಲ, ಅಲ್ಲಿರುವ ಯಾವುದೋ ವ್ಯಕ್ತಿಗೆ ಎಂಬ ಅನುಮಾನ ಬಂದರಂತೂ ಸ್ಕಿಲ್‌ನ ಮಾತು ಬದಿಗಿಟ್ಟು ಅದನ್ನೇ ಮೊದಲು ವಿಚಾರಿಸಿ.

ವಾಪಸ್ ಬಂತು! ಮತ್ತೆ ಹೋಗಿಬಿಡುತ್ತಾ?

ಹೋಗಬಹುದು. ನನಗೆ ಎರಡು ವರ್ಷ ಬಿಟ್ಟು ಮತ್ತೊಮ್ಮೆ ಹೋಗಿತ್ತು. ಆ ಸಲ ಒಂಬತ್ತು ದಿನದಲ್ಲಿ ಮರಳಿತು, ಏಕೆಂದರೆ ಮೊದಲ ದಿನವೇ ಎತ್ತರದ ಬೀಮ್ ಬಿಟ್ಟು ಕೆಳಗಿಳಿದಿದ್ದೆ. ಬಂದ ಖುಷಿಯಲ್ಲಿ ಮೆಟ್ಟಿಲುಗಳನ್ನು ಮರೆಯಬೇಡಿ. ಸ್ಕಿಲ್ ಚೆನ್ನಾಗಿ ಬರುತ್ತಿರುವ ದಿನಗಳಲ್ಲೂ ವಾರಕ್ಕೊಮ್ಮೆ ತಗ್ಗಿನ ಬೀಮ್ ಮೇಲೆ ಐದಾರು ಮಾಡಿ. ಯಾವ ದಿನ ಹೆದರಿಕೆಯ ಅಂಕ ಎಷ್ಟಿತ್ತು, ಎಷ್ಟು ಮ್ಯಾಟ್ ಇತ್ತು, ಏನು ಹೇಳಿಕೊಂಡಿರಿ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ಎರಡನೇ ಸಲ ನಾನು ಮೊದಲು ಹುಡುಕಿದ್ದು ನನ್ನ ಹಳೆಯ ನೋಟ್‌ಬುಕ್ಕನ್ನೇ. ಅದರಲ್ಲಿ ಪೆನ್ಸಿಲ್‌ನಲ್ಲಿ ಹೀಗೆ ಬರೆದಿತ್ತು: "ಮ್ಯಾಟ್ 4, ಹೆದರಿಕೆ 2, ಹತ್ತಕ್ಕೆ ಹತ್ತು."